ದೇವರಮನೆಯಿಂದ ಹೊರಟ ವೈರು

ಹೊಸ ಮನೆಯ ಛತ್ತಿಗೆ ಊಟದ ತಾಟಿನಷ್ಟು ಅಗಲದ ತೂತು ಕೊರೆಯುತ್ತಿದ್ದರು. ಬಿಳಿ ಪುಡಿ ಉದುರಿ ನೆಲದ ಮೇಲೆ, ಕಿಟಕಿಯ ಮೇಲೆ, ಕೆಲಸದವರಿಗೆಂದು ಸುಂದರವ್ವ ತಂದಿಟ್ಟಿದ್ದ ಮಜ್ಜಿಗೆಯ ತಂಬಿಗೆಯ ಮೇಲೆ ಕೂತಿತು. ಆಕೆ ತಂಬಿಗೆಯೊಳಗೆ ಇಣುಕಿದಳು. ಮಜ್ಜಿಗೆಗೆ ಸುಣ್ಣದಂಥ ಕೆನೆ ಕಟ್ಟಿತ್ತು. ಹೊರಗೊಯ್ದು ಬೇವಿನ ಗಿಡದ ಬುಡಕ್ಕೆ ಚೆಲ್ಲಿ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು.

"ಯಾತಕ್ಕಪಾ ಇಷ್ಟ ತೂತು ಕೊರ್ಯಾಕ ಹತ್ತೀರಿ?"

"ಸ್ಪೀಕರ್ ಕೂಡಸಾಕ್ರೀ ಅಮ್ಮಾರ. ಖೋಲಿಗೊಂದ," ಎಂದ ಏಣಿಯ ಮೇಲಿದ್ದ ಆಸೀಮ. "ಎಲ್ಲಿ ನಿಂತ್ರೂ ಹಾಡ ಕೇಳತೈತಿ. ಹಾಲ್‌ನಿಂದ ಅಡಗಿಮನಿಗೆ ಹೋದ್ರೂ ಒಂದ ಅಕ್ಷರ ತಪ್ಪೂದಿಲ್ಲ."

"ದೇವರಮನ್ಯಾಗೂ?"

"ಅಲ್ಲೂ ಒಂದ ಐತ್ರೀ."

ಸುಂದರವ್ವ ದೇವರಮನೆಯ ಕಡೆ ತಿರುಗಿದಳು. ಖಾಲಿ ತಂಬಿಗೆ ಹಿಡಿದು ನಿಂತಳು. ಈ ಮನೆಯಿಂದ ಆಕೆ ಬೇಡಿದ್ದು ಒಂದೇ ಒಂದು. ಅದರ ನೆತ್ತಿಗೇ ತೂತು ಬೀಳುವುದಿತ್ತು.

ಸುಂದರವ್ವ ಕಟಕೋಳದ ಒಕ್ಕಲುತನದ ಮನೆಯ ಮಗಳು. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಬೆಳಿಗ್ಗೆ ತೊಳೆದು, ವಿಭೂತಿ ಹಚ್ಚಿ, ಎಡಗೈಯ ಮೇಲಿಟ್ಟುಕೊಂಡು ಕಣ್ಣು ನೆಟ್ಟು ಕೂರುವುದನ್ನು ತಾಯಿ ಕಲಿಸಿದ್ದಳು. ಅದಾದ ಮೇಲೆಯೇ ನೀರು, ಅದಾದ ಮೇಲೆಯೇ ರೊಟ್ಟಿ. ತವರಿನಲ್ಲಿ ಆ ಹೊತ್ತಿಗೆ ಮನೆ ತಾನಾಗಿ ಸುಮ್ಮನಾಗುತ್ತಿತ್ತು. ಕೊಟ್ಟಿಗೆಯ ಎಮ್ಮೆ ಕೂಡ ಮೇವು ಮೆಲ್ಲುವುದನ್ನು ನಿಲ್ಲಿಸುತ್ತಿತ್ತು ಎಂದು ಆಕೆ ಈಗಲೂ ನಂಬಿದ್ದಾಳೆ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವ ಶಂಕರೆಪ್ಪನ ಕೈ ಹಿಡಿದು ಬಂದ ಮೇಲೆ ಆ ಸುಮ್ಮನಿರುವಿಕೆ ಹೋಯಿತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಡೆಯೂ ನೆಟ್ಟಗಿಲ್ಲ. ದರ ಕೂಗುವ ದಲಾಲರು, ತೂಕದ ಮೇಲೆ ಜಗಳ, ಗಂಡ ಮತ್ತು ಮೈದುನ ಹಗಲಿಡೀ ಒಬ್ಬರ ಮೇಲೊಬ್ಬರು ಏರಿಸುವ ದನಿ. ಸುಂದರವ್ವ ಹಿಂಡಿ ಚೀಲಗಳ ಹಿಂದಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಸಪ್ಪಳಕ್ಕೆ ಬೆನ್ನು ಕೊಟ್ಟು ಲಿಂಗಪೂಜೆ ಮಾಡಿಕೊಂಡಳು. ಹಿಂಡಿಯ ಕಮಟು ವಾಸನೆ ಲಿಂಗಕ್ಕೂ ಹತ್ತಿದೆ ಎಂದು ಎಷ್ಟೋ ಸಲ ಅನಿಸಿತ್ತು.

ಅಣ್ಣತಮ್ಮಂದಿರು ಪಾಲಾದ ದಿನವೂ ಆಕೆ ಅಲ್ಲಿಯೇ ಕೂತಿದ್ದಳು. ಹಿರಿಯರು ಟೇಪು ಹಿಡಿದು ಮನೆ ಅಳೆಯುತ್ತ ಬಂದರು. ಒಂದು ತುದಿ ಶಂಕರೆಪ್ಪನ ಕೈಯಲ್ಲಿ, ಇನ್ನೊಂದು ಅವನ ತಮ್ಮನ ಕೈಯಲ್ಲಿ. ಇಬ್ಬರ ಬಾಯಲ್ಲೂ ಹೆತ್ತವ್ವನನ್ನು ಎಳೆದು ತರುವ ಬೈಗುಳ. ಇಬ್ಬರಿಗೂ ಆಕೆ ಒಬ್ಬಳೇ ಅವ್ವ ಎನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ಸುಂದರವ್ವನನ್ನು ಏಳು ಎಂದು ಯಾರೂ ಅನ್ನಲಿಲ್ಲ. ಟೇಪು ಆಕೆಯ ಮೊಣಕಾಲ ಮೇಲಿಂದ ಹಾದು ಹೋಯಿತು.

ಪಾಲು ಎಂಬ ಮಾತಿಗೆ ಶಂಕರೆಪ್ಪ ಅಂದಿನಿಂದ ಹಾವು ತುಳಿದವನಂತೆ ಬೆಚ್ಚುತ್ತಿದ್ದ. ಸವದತ್ತಿ ರಸ್ತೆಯ ಕಡೆ ಜಾಗ ತೆಗೆದುಕೊಂಡು ಮನೆಯ ಪಾಯ ಹಾಕಿಸುವಾಗ ಮಗ ಶ್ರೀಶೈಲನನ್ನು ಎದುರಿಗೆ ನಿಲ್ಲಿಸಿ, ನಾನಿರುವ ತನಕ ಈ ಮನೆಯಲ್ಲಿ ಎರಡನೇ ಒಲೆ ಹೊತ್ತಕೂಡದು ಎಂದು ಮಾತು ತೆಗೆದುಕೊಂಡ. ಶ್ರೀಶೈಲ ಒಬ್ಬನೇ ಮಗ. ಪಾಲು ಕೇಳಲು ಎರಡನೆಯವನೇ ಇರಲಿಲ್ಲ. ಆದರೂ ಮಾತು ಕೊಟ್ಟ. ಆಮೇಲೆ ಶಂಕರೆಪ್ಪ ಹೆಂಡತಿಯನ್ನು ಕೇಳಿದ.

"ನಿನಗ ಏನ ಬೇಕ ಹೇಳು."

"ಒಂದ ಕೋಣಿ. ಬಾಗಲಾ ಮುಚ್ಚಿದ್ರ ಏನೂ ಕೇಳಬಾರದು. ಕುಂತ ಪೂಜಿ ಮಾಡ್ಕೋತೇನಿ."

"ಇಷ್ಟ ಹೌದಲ್ಲ?" ಎಂದು ಆತ ನಕ್ಕಿದ್ದ. ಕಡಿಮೆ ಬೇಡಿದ ಹೆಂಡತಿಯ ಮೇಲೆ ಅವನಿಗೆ ಪ್ರೀತಿಯೂ ಉಕ್ಕಿತ್ತು.

ಹಾಡಿನ ಹುಚ್ಚು ಹಿಡಿಸಿಕೊಂಡು ಬಂದವನು ಶ್ರೀಶೈಲ. ಬೆಳಗಾವಿಯ ಗೆಳೆಯನ ಮನೆಯಲ್ಲಿ ಮೊಬೈಲಿನ ಮೇಲೆ ಬೆರಳಾಡಿಸಿದರೆ ಗೋಡೆಯೆಲ್ಲ ಹಾಡುವುದನ್ನು ನೋಡಿ ಬಂದಿದ್ದ. ಹುಡುಕಿಕೊಂಡು ಹೋಗಿ ಆಸೀಮನನ್ನು ಕರೆತಂದ. ಆಸೀಮನದು ಕಿತ್ತೂರಿನ ಹೈವೇ ಪಕ್ಕದ ಅಂಗಡಿ. ಮೊದಲು ಲಾರಿ, ಟ್ರ್ಯಾಕ್ಸ್ ಜೀಪುಗಳಿಗೆ ಹಾಡಿನ ಟೇಪು ಕೂಡಿಸುತ್ತಿದ್ದವನು ಈಗ ಮನೆಗಳಿಗೆ ಇಳಿದಿದ್ದ. ಮೈಗೆ ಅತ್ತರು, ಬಾಯಿಗೆ ಬಿಡುವಿಲ್ಲದ ಮಾತು. ಯಾವುದನ್ನು ತೋರಿಸಿದರೂ "ಏಕ್ ನಂಬರ್ ಮಾಲು" ಎನ್ನುವನು. ಅಳತೆ ತಪ್ಪಿ ಕೊರೆದ ತೂತನ್ನೂ ಹಾಗೇ ಅಂದಿದ್ದ.

ಮಜ್ಜಿಗೆ ಚೆಲ್ಲಿ ಬಂದ ಅದೇ ದಿನ ಸುಂದರವ್ವ ಅಡುಗೆಮನೆಯ ಹೊಸಲಿನಲ್ಲಿ ನಿಂತು ಹಾಲ್‌ನಲ್ಲಿ ನಡೆದ ಮಾತು ಕೇಳಿದಳು.

"ಮೂರ ಭಾಗ ಮಾಡೂಣ್ರೀ ಸಾವ್ಕಾರ್ರ," ಎನ್ನುತ್ತಿದ್ದ ಆಸೀಮ. "ಹಾಲ್‌ನ್ಯಾಗ ನಿಮಗ ವಚನ, ಅಣ್ಣಾರ ಖೋಲ್ಯಾಗ ಸಿನೆಮಾ ಹಾಡ, ಅಡಗಿಮನ್ಯಾಗ ಅಕ್ಕಾರಿಗೆ ಮನಸ್ಸ ಬಂದದ್ದು. ಯಾರದೂ ಯಾರಿಗೂ ಅಡ್ಡಿಲ್ಲ."

"ಅಂದ್ರ?"

"ಅಂದ್ರ ಬ್ಯಾರೆ ಬ್ಯಾರೇರೀ. ಅವರವರದು ಅವರವರಿಗೆ."

ಶಂಕರೆಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತಿದ. "ಬ್ಯಾರೆ ಅನ್ನೂ ಮಾತ ಈ ಮನ್ಯಾಗ ಇನ್ನೊಮ್ಮೆ ಆಡಬ್ಯಾಡಪಾ."

"ಹಾಡಿನ ಮಾತ್ರೀ ಸಾವ್ಕಾರ್ರ. ಹೊಲದ್ದಲ್ಲ."

"ಹಾಡಿನಿಂದನ ಚಾಲು ಆಗತೈತಿ. ಇವತ್ತ ಹಾಡ ಬ್ಯಾರೆ, ನಾಳೆ ಒಲಿ ಬ್ಯಾರೆ. ನಾ ನೋಡೇನಿ. ಒಂದ ಮನಿ, ಒಂದ ಹಾಡು. ನಾ ಕೇಳಿದ್ದ ಎಲ್ಲಾರೂ ಕೇಳಬೇಕು."

ಶ್ರೀಶೈಲ ನಕ್ಕ. "ಸಂಡಾಸಿನ್ಯಾಗೂ ಏನಪಾ?"

"ಅಲ್ಲಿ ಕುಂತಾವ ಮನಿಯಾವ ಅಲ್ಲೇನು?"

ಆಸೀಮ ಕೈ ಚೆಲ್ಲಿದ. "ಆತ್ರಿ. ವೈರ್ ಒಂದರಿಂದ ಒಂದಕ್ಕ ಒಯ್ದಬಿಡತೇನಿ, ಸಾಲಾಗಿ. ಎಲ್ಲಿಂದ ಚಾಲು ಮಾಡ್ಲಿ?"

"ಕೇಳೂ ಮಾತೇನ ಅದು? ಮದಲ ದೇವರಿಗೆ," ಎಂದ ಶಂಕರೆಪ್ಪ. "ನೈವೇದ್ಯ ಹ್ಯಾಂಗ ಹಿಡೀತೇವಿ ಹಂಗ. ಮದಲ ದೇವರಮನಿ. ಅಲ್ಲಿಂದ ಹಾಲ್, ನನ್ನ ಖೋಲಿ, ಮಗನ ಖೋಲಿ, ಅಡಗಿಮನಿ. ಕಡೀಕ ಬಚ್ಚಲಾ, ಸಂಡಾಸಾ."

ಹೀಗೆ ಆ ಮನೆಯ ವೈರು ದೇವರಮನೆಯಿಂದ ಹೊರಟು ಸಂಡಾಸಿನಲ್ಲಿ ಮುಗಿಯಿತು.

ರಾತ್ರಿ ಊಟಕ್ಕೆ ಬಡಿಸುವಾಗ ಸುಂದರವ್ವ ಮೆಲ್ಲಗೆ ಅಂದಳು. "ನನಗ ಒಂದ ಕೋಣಿ ಅಂದಿದ್ರಿ."

"ಕೊಟ್ಟೇನಲ್ಲ. ಬಿಳೀ ಕಲ್ಲ ಹಾಸೇನಿ, ಸಾಗವಾನಿ ಬಾಗಲಾ ಮಾಡಿಸೇನಿ. ಇನ್ನೇನ ಬೇಕು?"

"ಸಪ್ಪಳ ಇರಬಾರದು ಅಂದಿದ್ದೆ."

"ಸಪ್ಪಳ ಅಂತೀಯೇನ ಅದಕ್ಕ? ವಚನ ಬರತಾವ." ಆತ ರೊಟ್ಟಿ ಮುರಿದ. "ದೇವರಮನಿ ಒಂದ ಬಿಟ್ರ ಮಂದಿ ಏನಂದಾರು? ದೇವರನ್ನ ಬ್ಯಾರೆ ಇಟ್ಟಾನ ಶಂಕರೆಪ್ಪ ಅಂತಾರ."

ಆಕೆ ಮತ್ತೆ ಕೇಳಲಿಲ್ಲ. ಮರುದಿನ ಆಸೀಮನ ಬಳಿ ಹೋದಳು. ಅವನು ಅದೇ ದೇವರಮನೆಯಲ್ಲಿ, ದೇವರನ್ನಿಡುವ ಜಗಲಿಯ ಮೇಲೆ ಒಂದು ಕಾಲು ಊರಿ ತೂತಿಗೆ ಸ್ಪೀಕರು ಒತ್ತುತ್ತಿದ್ದ. ಆಕೆ ಆ ಕಾಲನ್ನೇ ನೋಡಿದಳು. ಅವನೂ ನೋಡಿ ನಾಲಗೆ ಕಚ್ಚಿಕೊಂಡು ಇಳಿದ.

"ತಮ್ಮಾ, ಇದೊಂದ ಬಿಟ್ಟಬಿಡು. ನನಗ ಸಲ್ಲೂದಿಲ್ಲ."

"ನಮ್ಮ ಅಮ್ಮಾನೂ ಹಿಂಗರೀ. ನಮಾಜಿನ ಹೊತ್ತಿಗೆ ಮನ್ಯಾಗಿನ ಫ್ಯಾನ್ ಸೈತ ಬಂದ್ ಮಾಡಸ್ತಾಳ," ಎಂದು ನಕ್ಕ ಆಸೀಮ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಾವ್ಕಾರ್ರು ಹೇಳಬೇಕ್ರೀ ಅಮ್ಮಾರ. ನಾ ಬಿಟ್ರ ನಾಳೆ ಪೇಟಿ ತುಂಬ ನನ್ನ ಹೆಸರ ಕೆಡಸ್ತಾರ. ನೀವ ಒಮ್ಮೆ ಕೇಳಿ ನೋಡ್ರಿ, ಏಕ್ ನಂಬರ್ ದನಿ. ಆಮ್ಯಾಲೆ ನೀವ ಬ್ಯಾಡ ಅನ್ನೂದಿಲ್ಲ."

ಹಳೆಯ ಮನೆಯನ್ನು ಗೋದಾಮು ಮಾಡಲು ಬಿಟ್ಟುಕೊಟ್ಟದ್ದರಿಂದ ಗೃಹಪ್ರವೇಶಕ್ಕೆ ಒಂದು ವಾರ ಮೊದಲೇ ಎಲ್ಲರೂ ಹೊಸ ಮನೆಯಲ್ಲಿ ಮಲಗತೊಡಗಿದರು. ಹಾಡು ಸುರುವಾದ ಮೊದಲ ಬೆಳಗು ಸುಂದರವ್ವ ಸಂಡಾಸಿನಲ್ಲಿದ್ದಳು. ತಲೆಯ ಮೇಲಿಂದ ಒಂದು ತುಂಬುಕಂಠ ಇಳಿಯಿತು. ಶರಣರ ವಚನ. ಲಿಂಗದ ಹೆಸರು, ಆ ಕಿರಿದಾದ ನಾಲ್ಕು ಗೋಡೆಗಳ ನಡುವೆ, ಆಕೆ ಕೂತಿದ್ದಲ್ಲಿ. ಕೊರಳ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು, ಕೂಸಿನ ಕಿವಿ ಮುಚ್ಚುವ ಹಾಗೆ. ಹೊರಗೆ ಬಂದವಳು ಮೈಮೇಲಿನ ಸೀರೆಯ ಸಮೇತ ತಣ್ಣೀರು ಸುರಿದುಕೊಂಡಳು. ಬಚ್ಚಲಿನಲ್ಲೂ ಅದೇ ವಚನ ಮುಂದುವರಿದಿತ್ತು.

ತಲೆ ಒರೆಸಿಕೊಳ್ಳುತ್ತಿದ್ದವಳಿಗೆ ಸೊಸೆ ಉಮಾಶ್ರೀ ಪಿಸುಗುಟ್ಟಿದಳು. "ಅತ್ತ್ಯಾರ, ನಾ ಅಂತೂ ನಳಾ ಜೋರ ಬಿಟ್ಟ ಕುಂಡರತೇನಿ. ಅರ್ಧಾ ಟಾಕಿ ನೀರ ಖಾಲಿ ಆಗ್ಲಿ, ಆಗವಲ್ದ್ಯಾಕ. ಶರಣರ ಮುಂದ ಹ್ಯಾಂಗರೀ ಅದೆಲ್ಲಾ?"

ಸುಂದರವ್ವನಿಗೆ ನಗು ಬರಲಿಲ್ಲ. "ನಿನ್ನ ಗಂಡಗ ಹೇಳು."

"ಹೇಳಿದೆರೀ. ಹಾಡ ಬದಲ ಮಾಡತೇನಿ ಅಂದ್ರು."

ಶ್ರೀಶೈಲ ಬದಲು ಮಾಡಿದ. ಗಡ್ಡ ಹೆರೆಯುತ್ತ ಬಚ್ಚಲಲ್ಲಿ ನಿಂತು, ಹುಡುಗಿಯ ಸೊಂಟವನ್ನು ಹೊಗಳುವ ಸಿನೆಮಾ ಹಾಡು ಹಾಕಿಕೊಂಡ. ಒಂದೇ ಮನೆ, ಒಂದೇ ಹಾಡು. ಆ ಸೊಂಟ ದೇವರಮನೆಗೂ ಬಂತು.

ಸುಂದರವ್ವ ಆಗ ಅಲ್ಲಿ ಲಿಂಗ ಹಿಡಿದು ಕೂತಿದ್ದಳು. ಹಳೆಯ ಮನೆಯಲ್ಲಾದರೆ ಸಪ್ಪಳ ಬರುವ ಕಡೆಗೆ ಬೆನ್ನು ತಿರುಗಿಸಬಹುದಿತ್ತು. ಮೇಲಿನಿಂದ ಸುರಿಯುವ ಸಪ್ಪಳಕ್ಕೆ ಬೆನ್ನು ಎಲ್ಲಿಂದ ತರುವುದು? ಆದರೂ ಕಣ್ಣು ನೆಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ತುಟಿ ಅಲುಗುತ್ತಿದೆ ಅನ್ನಿಸಿತು. ನಿಲ್ಲಿಸಿ ಆಲಿಸಿದಳು. ತಾನು ಆ ಹಾಡಿನ ಸಾಲನ್ನು ಲಿಂಗದ ಎದುರು ಗುನುಗುತ್ತಿದ್ದಳು. ಎಂಜಲು ಅನ್ನವನ್ನು ದೇವರಿಗೆ ಎತ್ತಿದಂತಾಯಿತು. ಮಗನ ಮೇಲೆ, ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಹೇಸಿಕೆ ತನ್ನ ಬಾಯಿಯ ಮೇಲೆಯೇ ಬಂತು. ಲಿಂಗವನ್ನು ಒರೆಸಿ ಕರಡಿಗೆಗೆ ಹಾಕಿ ಎದ್ದಳು. ಇಬ್ಬರೂ ಅಂಗಡಿಗೆ ಹೋಗಿ ಹಾಡು ನಿಂತ ಮೇಲೆ ಮತ್ತೆ ಸ್ನಾನ ಮಾಡಿ, ಪೂಜೆ ಮಾಡಿಕೊಂಡು, ನೀರು ಕುಡಿದಳು. ಆ ವಾರವಿಡೀ ಹಾಗೆಯೇ ನಡೆಯಿತು. ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೆ ಜಾರಿತು. ಯಾರೂ ಗಮನಿಸಲಿಲ್ಲ. ಅಡುಗೆ ಮಾಡಿದವಳು ಉಂಡಳೋ ಇಲ್ಲವೋ ಎಂದು ಕೇಳುವ ರೂಢಿ ಆ ಮನೆಯಲ್ಲಿ ಎಂದೂ ಇರಲಿಲ್ಲ.

ಮನೆ ನೋಡಲು ಬರುವವರ ಗದ್ದಲ ಬೇರೆ. ಅಡತಿ ಅಂಗಡಿಯವರು, ಬೀಗರು, ಬೀಗರ ಬೀಗರು. ಶ್ರೀಶೈಲ ಎಲ್ಲರನ್ನೂ ಕೋಣೆ ಕೋಣೆಗೆ ಕರೆದೊಯ್ದು ಛತ್ತಿನತ್ತ ಬೊಟ್ಟು ಮಾಡುತ್ತಿದ್ದ. ಅವರು ದೇವರಮನೆಯ ನಡುವೆ ನಿಂತು, ಗುಟ್ಕಾ ತುಂಬಿದ ಬಾಯನ್ನು ಮೇಲಕ್ಕೆತ್ತಿ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ಜಗಲಿಯ ಕಡೆ ಒಬ್ಬರೂ ನೋಡಲಿಲ್ಲ. ಒಬ್ಬಾತ ನೋಡುತ್ತ ನೋಡುತ್ತ ಉಗುಳು ತುಂಬಿ ಬಂದು ಕಿಟಕಿ ಹುಡುಕಿದ. ಕಿಟಕಿಯ ಆಚೆ ತುಂಬೆ ಹೂವಿನ ಗಿಡವಿತ್ತು. ಸುಂದರವ್ವ ಆಮೇಲೆ ಕೊಡ ನೀರು ಹಾಕಿ ಎಲೆ ಎಲೆಯನ್ನು ತೊಳೆದಳು. ಕೆಂಪು ಹೋಯಿತು, ವಾಸನೆ ಹೋಗಲಿಲ್ಲ.

ಆಕೆಗೆ ಉಳಿದಿದ್ದ ಭರವಸೆ ಒಂದೇ. ಗೃಹಪ್ರವೇಶದ ದಿನ ಮಠದ ಅಜ್ಜಾರು ಬರುವವರಿದ್ದರು. ಪಾದಪೂಜೆ ಮಾಡಿಸಿಕೊಂಡು ದೇವರಮನೆಯಲ್ಲಿಯೇ ತಮ್ಮ ಲಿಂಗಪೂಜೆಗೆ ಕೂರುವರು. ಅವರು ಕೂತಾಗ ಸಪ್ಪಳ ಕೇಳಿ ಹುಬ್ಬು ಗಂಟಿಕ್ಕುವರು, ಇದನ್ನು ಮೊದಲು ಬಂದ್ ಮಾಡ್ರಿ ಎನ್ನುವರು. ಅಜ್ಜಾರ ಮಾತನ್ನು ಶಂಕರೆಪ್ಪ ಮೀರುವುದಿಲ್ಲ. ಆಕೆ ಮಾದಲಿಯ ಸಿಹಿಗೆ ಗೋಧಿ ಹುರಿಯುತ್ತ, ಬೆಲ್ಲ ಹೆರೆಯುತ್ತ ಈ ಮಾತನ್ನೇ ಮನಸ್ಸಿನಲ್ಲಿ ಹೊರಳಿಸಿದಳು.

ಆ ದಿನ ನಸುಕಿನಲ್ಲೇ ಶಂಕರೆಪ್ಪ ಹಾಡು ಹಚ್ಚಿದ. ಇಂದು ನಿಲ್ಲಿಸಕೂಡದು ಎಂದು ತಾಕೀತು ಮಾಡಿದ. ಏನಾದರೂ ಕೆಟ್ಟರೆ ಇರಲಿ ಎಂದು ಆಸೀಮನನ್ನೂ ಕರೆಸಿದ್ದ. ಸುಂದರವ್ವ ಸ್ನಾನ ಮಾಡಿ ದೇವರಮನೆಯ ಬಾಗಿಲಿಗೆ ಬಂದು ನಿಂತಳು.

"ಶ್ರೀಶೈಲಾ, ಒಂದೀಟ ಬಂದ್ ಮಾಡೋ. ಪೂಜಿ ಮುಗಿಸಿಕೊಂಡಬಿಡತೇನಿ."

"ಯವ್ವಾ, ಮಂದಿ ಬರಾಕ ಹತ್ತ್ಯಾರ. ಇವತ್ತೊಂದಿನ ಹಂಗ ಮಾಡ್ಕೋ."

ಹಾಗೆ ಮಾಡಿಕೊಳ್ಳುವುದು ಆಕೆಯಿಂದ ಆಗುತ್ತಿರಲಿಲ್ಲ. ತನ್ನ ತುಟಿಯನ್ನು ಆಕೆ ನಂಬದಾಗಿದ್ದಳು. ನೀರು ಮುಟ್ಟದೆ ಅಡುಗೆಮನೆಗೆ ಹೋದಳು.

ಅಜ್ಜಾರು ಬಂದರು. ಪಾದ ತೊಳೆದರು, ಹೂವೇರಿಸಿದರು. ಆರತಿ ತಟ್ಟೆ ಹಿಡಿದು ಬದಿಗೆ ನಿಂತ ಸುಂದರವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅಜ್ಜಾರು ಲಿಂಗ ಕೈಗೆ ತೆಗೆದುಕೊಂಡು, ಮೇಲಿನಿಂದ ಬರುವ ದನಿಗೆ ತಲೆಯೆತ್ತಿದರು.

"ಎಲ್ಲಿಂದ ಬರಾಕ ಹತ್ತೇತಿ ಇದು?"

"ಛತ್ತಿನ್ಯಾಗ ಕೂಡಸೇವ್ರೀ ಅಪ್ಪಾರ," ಶಂಕರೆಪ್ಪ ಕೈ ಮುಗಿದ. "ಮನಿ ತುಂಬ ಐತ್ರಿ. ಮದಲ ದೇವರಿಗೆ, ಆಮ್ಯಾಲೆ ನಮಗ."

"ಭಾಳ ಛಲೋ ಆತು. ದನಿ ಅಂದ್ರ ಹಿಂಗಿರಬೇಕ ನೋಡು. ಕೂಡಿಸಿದಾವ ಯಾರು?"

ಆಸೀಮ ಮುಂದೆ ಬಂದು ಬಗ್ಗಿದ.

"ನಮ್ಮ ಮಠದಾಗ ಖೋಲಿ ಭಾಳ ಅದಾವ. ಎಲ್ಲಾ ಕಡೆ ಆಗತೈತೇನಪಾ?"

"ಯಾಕ ಆಗೂದಿಲ್ರೀ ಅಜ್ಜಾರ? ಸಂಡಾಸ ಸೈತ ಬಿಡೂದಿಲ್ಲ."

ನೆರೆದವರೆಲ್ಲ ಗೊಳ್ಳೆಂದರು. ಅಜ್ಜಾರೂ ನಕ್ಕರು. ಹೊಟ್ಟೆ ಕುಲುಕಿ, ಒಣಗಿದ ವಿಭೂತಿ ಪುಡಿಪುಡಿಯಾಗಿ ತೊಡೆಯ ಮೇಲೆ ಉದುರಿತು. ಆಮೇಲೆ ಅವರು ಪೂಜೆಗೆ ಕಣ್ಣು ನೆಟ್ಟರು. ಎಡಗೈಯಲ್ಲಿ ಲಿಂಗವಿತ್ತು. ಬಲಗೈಯ ಬೆರಳು ಮೊಣಕಾಲ ಮೇಲೆ ಹಾಡಿಗೆ ತಾಳ ಹಾಕುತ್ತಿತ್ತು.

ಸುಂದರವ್ವ ಆರತಿ ತಟ್ಟೆಯನ್ನು ಉಮಾಶ್ರೀಯ ಕೈಗಿತ್ತು ಹೊರಗೆ ಬಂದಳು. ಬಾಯಿ ಒಣಗಿತ್ತು. ಆದರೂ ಉಗುಳಬೇಕೆನಿಸಿತು.

ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಆಕೆ ಬಡಿಸಿದಳು. ಎಣ್ಣೆ ಬದನೆಕಾಯಿ, ಕಟಕ ರೊಟ್ಟಿ, ಮಾದಲಿಗೆ ಹಾಲು, ತುಪ್ಪ. ಅನ್ನದ ಬುಟ್ಟಿ ಎತ್ತಿದಾಗ ಕಣ್ಣಿಗೆ ಕತ್ತಲು ಬಂದು ಗೋಡೆ ಹಿಡಿದಳು. ನೋಡಿದವಳು ರಾಮದುರ್ಗಕ್ಕೆ ಕೊಟ್ಟಿದ್ದ ನಾದಿನಿ ಇಂದ್ರವ್ವ, ಶಂಕರೆಪ್ಪನ ತಂಗಿ. ಬಾಯಿಬಡುಕಿ ಎಂದು ಹೆಸರಾದವಳು.

"ವೈನಿ, ಮಾರಿ ಹಿಂಗ್ಯಾಕ ಬಾಡೇತಿ? ಉಂಡಿಲ್ಲೇನ?"

"ಪೂಜಿ ಆಗಿಲ್ಲ, ಇಂದ್ರವ್ವಾ."

"ಅಯ್ಯ, ಹೊತ್ತ ಇಳ್ಯಾಕ ಹತ್ತೇತಿ! ನೀರರೆ ಕುಡಿದಿ?"

"ಇಲ್ಲ. ಈ ಸಪ್ಪಳದಾಗ ಆಗೂದಿಲ್ಲ ನನಗ."

"ಕಿವ್ಯಾಗ ಹತ್ತಿ ತುರಕ್ಕೋ. ಹತ್ತಿ ಸಾವ್ಕಾರನ ಹೆಂಡ್ತಿ ನೀ, ನಿನಗ ಹತ್ತಿಗೆ ಬರಾ ಏನ?"

ಬಡಿಸುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಇಂದ್ರವ್ವ ನಗಿಸಿದಷ್ಟೇ ಬೇಗ ಹೋಗಿ ಅಣ್ಣನಿಗೆ ಹೇಳಿದಳು. ಅಜ್ಜಾರ ಎದುರು ಕೂತು ಉಣ್ಣುತ್ತಿದ್ದ ಶಂಕರೆಪ್ಪ ಎಂಜಲುಗೈಯಲ್ಲೇ ಹೆಂಡತಿಯನ್ನು ಕರೆದ. ಹಾಲ್ ತುಂಬ ಜನ. ಎಲ್ಲರ ತಲೆಯ ಮೇಲೂ ಹಾಡು.

"ಏನ ನಾಟಕ ಹಚ್ಚೀದಿ? ಮನಿ ಶಾಂತಿ ದಿನಾ ಮನಿಯಾಕಿ ಉಪಾಸ ಇದ್ರ ಏನ ಶೋಭಾ? ಹೋಗಿ ಪೂಜಿ ಮುಗಿಸಿ ಬಾ."

"ಎಲ್ಲಿ ಹೋಗ್ಲಿ?"

"ದೇವರಮನಿ ಇಲ್ಲೇನ ನಿನಗ?"

"ಅದು ನಂದಲ್ಲ. ಬರೀ ಹಾಡ ಕುಂತೈತಿ ಅಲ್ಲಿ."

"ಹಂಗಾದ್ರ ಏನ ಮಾಡಂತಿ?"

ಸುಂದರವ್ವ ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ನೆಲಕ್ಕಿಟ್ಟಳು. ಆಕೆಗೆ ಏರುದನಿ ರೂಢಿಯಿರಲಿಲ್ಲ. ಹಾಡಿನ ಮೇಲೆ ಕೇಳಿಸಬೇಕಾದ್ದರಿಂದ ಏರಿಸಿದಳು.

"ನನ್ನ ಪಾಲ ನನಗ ಕೊಡ್ರಿ."

ಶಂಕರೆಪ್ಪನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. ಹಾಲ್‌ನಲ್ಲಿದ್ದ ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. "ಸುಡ್ಲಿ ಈ ಬಾಯಿ," ಎಂದು ಇಂದ್ರವ್ವ ಯಾರ ಬಾಯಿಗೆಂದು ತಿಳಿಯದಂತೆ ಅಂದಳು.

"ಇವತ್ತ ಅಂತಿ ಈ ಮಾತು? ಅಜ್ಜಾರ ಮುಂದ?"

"ಅಜ್ಜಾರ ಮುಂದನ ಅಂತೇನಿ. ಹಿರ್ಯಾರು ಕುಂತಾಗನ ಪಾಲ ಕೇಳಬೇಕು. ಆ ದೇವರಮನಿ ನನ್ನ ಪಾಲಿಗೆ ಬಿಡ್ರಿ, ಉಳದದ್ದು ಎಲ್ಲಾ ನಿಮ್ದು. ಹೊಲಾ ಬ್ಯಾಡ, ಬಂಗಾರ ಬ್ಯಾಡ. ಅಲ್ಲಿ ನಿಮ್ಮ ಹಾಡ ಬರಬಾರದು."

"ಏ ಆಸೀಮಾ!" ಶಂಕರೆಪ್ಪ ಎದ್ದೇ ಬಿಟ್ಟ. ಮುಖ ಕಪ್ಪಿಟ್ಟಿತ್ತು. "ಎಲ್ಲಾ ಕಿತ್ತ ಹಾಕೋ. ಒಂದೂ ಬ್ಯಾಡ ಈ ಮನ್ಯಾಗ. ಒಯ್ದ ಹಳ್ಳಕ್ಕ ಒಗಿ."

"ಎಲ್ಲಾ ಯಾಕ?" ಎಂದಳು ಸುಂದರವ್ವ. "ನಿಮ್ಮ ಪಾಲಿಂದ ನೀವ ಕೇಳ್ರಿ. ನನ್ನ ಪಾಲಿಂದ ಅಷ್ಟ ಕೀಳಲಿ."

ಎಲ್ಲವನ್ನೂ ಕೀಳಿಸಿದ್ದರೆ ಅದು ಗಂಡ ಹೆಂಡತಿಯ ಜಗಳವಾಗಿ, ನಾಲ್ಕು ದಿನದಲ್ಲಿ ಮುಗಿದು, ಮತ್ತೆ ಸ್ಪೀಕರು ಏರುತ್ತಿದ್ದವು. ಸುಂದರವ್ವನಿಗೆ ಅದು ಗೊತ್ತಿತ್ತು. ಪಾಲಾದದ್ದು ಮತ್ತೆ ಕೂಡುವುದಿಲ್ಲ ಎನ್ನುವುದು ಗಂಡನಿಗೂ ಗೊತ್ತಿತ್ತು. ಆತ ಅಜ್ಜಾರ ಕಡೆ ನೋಡಿದ. ಅಜ್ಜಾರು ಮಾದಲಿಗೆ ಹಾಲು ಕಲೆಸುತ್ತ, "ಆಕೀ ಮನಸ್ಸಿನಂಗ ಆಗ್ಲಿ ಬಿಡಪಾ, ಒಂದ ಖೋಲಿ ಅಷ್ಟ," ಎಂದರು. ಶಂಕರೆಪ್ಪ ಕೂತ. "ಹೋಗು," ಎಂದ ಆಸೀಮನಿಗೆ, ಮುಖ ನೋಡದೆ.

ಆಸೀಮ ತಲೆ ಕೆರೆದುಕೊಂಡ. "ಒಂದ ಅಡಚಣಿ ಐತ್ರಿ. ವೈರ್ ಅಲ್ಲಿಂದನ ಮುಂದ ಹೋಗೇತಿ. ಅದನ್ನ ಬಿಚ್ಚಿದ್ರ ಮನಿಯೆಲ್ಲಾ ಬಂದ್ ಆಗತೈತಿ. ಜೋಡಿಸೂ ತನಕ ತಡಕೋಬೇಕು."

"ತಡಕೋತಾರ," ಎಂದಳು ಸುಂದರವ್ವ.

ಅವನು ಈ ಸಲ ಜಗಲಿಯ ಮೇಲೆ ಕಾಲಿಡದೆ ಏಣಿ ತಂದು ಹತ್ತಿದ. ಸ್ಪೀಕರು ಕಳಚಿ ಕೈಗೆ ಬಂತು. ಕೂಡಲೇ ಮನೆ ತುಂಬಿದ್ದ ದನಿ ಸತ್ತಿತು. ಆ ದಿನ ಮೊದಲ ಸಲ, ಹಾಲ್‌ನಲ್ಲಿ ಉಣ್ಣುತ್ತಿದ್ದವರಿಗೆ ಒಬ್ಬರಿಗೊಬ್ಬರು ಉಣ್ಣುವುದು ಕೇಳಿಸಿತು. ಸಾರು ಸುರ್ರೆನ್ನುವುದು, ದವಡೆ ಚಪ್ಪರಿಸುವುದು, ಯಾರೋ ಹಲ್ಲಿನ ಸಂದಿಯ ನಾರನ್ನು ನಾಲಗೆಯಿಂದ ಎಳೆಯುವುದು, ಅಜ್ಜಾರ ಉದ್ದನೆಯ ತೇಗು. ಎಲ್ಲರಿಗೂ ನಾಚಿಕೆಯಾಗಿ ಬಾಯಿ ಮುಚ್ಚಿ ಅಗಿದರು. ಮಾತು ಆಡಲು ಯಾರಿಗೂ ಧೈರ್ಯವಾಗಲಿಲ್ಲ. ಆಡಿದ್ದರೆ ಆಗಷ್ಟೇ ಕೇಳಿದ ಮಾತಿನ ಸುದ್ದಿಯನ್ನೇ ಆಡಬೇಕಿತ್ತು. ಆಸೀಮ ಎರಡು ವೈರಿನ ತುದಿಗಳನ್ನು ಹೊಸೆದು, ಕಪ್ಪು ಟೇಪು ಸುತ್ತಿ, ತೂತಿಗೆ ರಟ್ಟು ಒತ್ತಿದ. ಹಾಲ್‌ನಲ್ಲಿ ಹಾಡು ಮತ್ತೆ ಬಂತು. ಜನ ಉಸಿರು ಬಿಟ್ಟು ಜೋರಾಗಿ ಉಣ್ಣತೊಡಗಿದರು.

ಸುಂದರವ್ವ ಮತ್ತೆ ಸ್ನಾನ ಮಾಡಿ ಬಂದು ಸಾಗವಾನಿಯ ಬಾಗಿಲು ಮುಚ್ಚಿದಳು. ದಪ್ಪ ಬಾಗಿಲು. ಏನೂ ಕೇಳಿಸಲಿಲ್ಲ. ಬಿಳಿ ಪುಡಿ ಮತ್ತೆ ನೆಲಕ್ಕೆ ಬಿದ್ದಿತ್ತು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು, ಬಟ್ಟೆ ಹಿಂಡಿದಳು, ಮತ್ತೆ ಒರೆಸಿದಳು. ಲಿಂಗ ತೊಳೆದು, ವಿಭೂತಿ ಹಚ್ಚಿ, ಅಂಗೈ ಮೇಲಿಟ್ಟುಕೊಂಡು ಕೂತಳು.

ಕೈ ನಿಲ್ಲಲಿಲ್ಲ. ಬೇಡಿದ್ದು ಸಿಕ್ಕ ಮೇಲೆ ಸಮಾಧಾನ ತಾನೇ ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ಅಜ್ಜಾರ ತಾಳ ಹಾಕುವ ಬೆರಳು, ತುಂಬೆ ಗಿಡದ ಮೇಲಿನ ಕೆಂಪು ಉಗುಳು, ಗಂಡನ ಎಂಜಲುಗೈ, ನೆಂಟರ ನಡುವೆ ಪಾಲು ಎಂದ ತನ್ನದೇ ದನಿ. ಇಷ್ಟು ವರ್ಷ ಆ ಮಾತಿನಿಂದ ನೊಂದ ಮನುಷ್ಯನಿಗೆ ಅದೇ ಮಾತನ್ನು ಎಸೆದಿದ್ದಳು. ಅವನು ನಾಳೆ ಮಾತಾಡುವನೋ ಇಲ್ಲವೋ. ಹೇಸಿಕೆ ಎದೆಯಿಂದ ತೋಳಿಗೆ, ತೋಳಿನಿಂದ ಅಂಗೈಗೆ ಇಳಿದು ಲಿಂಗವನ್ನು ಅಲುಗಿಸುತ್ತಿತ್ತು. ಇಂಥ ಕೈಯಲ್ಲಿ ಪೂಜೆ ಮಾಡಿ ಮುಗಿಸಿದೆ ಎಂದುಕೊಳ್ಳಲು ಆಕೆಗೆ ಮನಸ್ಸಾಗಲಿಲ್ಲ. ಗಂಟಲು ನೀರಿಗಾಗಿ ಉರಿಯುತ್ತಿತ್ತು. ಆದರೂ ಕಾಯ್ದಳು.

ಬಾಗಿಲ ಹೊರಗೆ ಯಾರೋ ಬಂದು ನಿಂತದ್ದು ಕೆಳಗಿನ ಸಂದಿಯ ಬೆಳಕಿನಿಂದ ತಿಳಿಯಿತು. ಶಂಕರೆಪ್ಪನ ಪಾದಗಳ ನೆರಳು. ಅದು ಬಹಳ ಹೊತ್ತು ನಿಂತು, ಬಾಗಿಲು ಬಡಿಯದೆ ಹೋಯಿತು.

ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬಂದು ಗೋಡೆಯ ಬುಡ ಸೇರಿತು. ಒಂದೊಂದಾಗಿ ಎಲ್ಲವೂ ಮನಸ್ಸಿನಿಂದ ಹೋದವು. ಮೊದಲು ಜನ, ಆಮೇಲೆ ಅವರ ಬಾಯಿಗಳು, ಕೊನೆಗೆ ತನ್ನ ದನಿ. ಅಂಗೈ ಮೇಲಿನ ಲಿಂಗದ ಕರಿಯ ಮೈಯಲ್ಲಿ ಕಿಟಕಿಯ ಬೆಳಕಿನ ಚೂರೊಂದು ಹೊಳೆಯುತ್ತಿತ್ತು. ಅದು ಅಲುಗುತ್ತಿರಲಿಲ್ಲ. ಸುಂದರವ್ವ ಅದನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಪೂಜೆಯ ಗಿಂಡಿ ಬಗ್ಗಿಸಿ ಲಿಂಗದ ಮೇಲೆ ನೀರು ಹನಿಸಿ, ಅಂಗೈಯಲ್ಲಿ ನಿಂತ ಆ ನೀರನ್ನು ಕುಡಿದಳು.